ಹ್ಯಾವ್ ಬೇಕೋ, ಡಿಡ್ ಬೇಕೋ: ಕಲಿಸುತ್ತ ಕಂಡುಕೊಂಡ ಪಾಠಗಳು

ಇಂಗ್ಲಿಷ್ ಕಲಿಯಬೇಕೆಂದು ಬರುವ ಕನ್ನಡಿಗರಲ್ಲಿ ಬಹಳ ಮಂದಿಗೆ ವ್ಯಾಕರಣ ಚೆನ್ನಾಗಿಯೇ ಗೊತ್ತಿರುತ್ತದೆ. ಹುಬ್ಬಳ್ಳಿಯ ನನ್ನ ಸಂಜೆ ತರಗತಿಗೆ ಬಿ.ಇ. ಮುಗಿಸಿ ಕೆಲಸ ಹುಡುಕುತ್ತಿರುವವರು ಬರುತ್ತಾರೆ, ಇಂಗ್ಲೆಂಡಿಗೆ ಹೊರಟ ನರ್ಸುಗಳು ಬರುತ್ತಾರೆ, ಹೈಸ್ಕೂಲಿನಲ್ಲಿ ಪಾಠ ಹೇಳುವವರೂ ಬರುತ್ತಾರೆ. ಹ್ಯಾವ್, ಹ್ಯಾಸ್ ಬಂದ ಕಡೆ ಕ್ರಿಯಾಪದದ ಮೂರನೇ ರೂಪ ಬರಬೇಕೆಂದು ಎಲ್ಲರಿಗೂ ಗೊತ್ತು. ಗೋ, ವೆಂಟ್, ಗಾನ್ ಎಂದು ತಡವರಿಸದೆ ಒಪ್ಪಿಸುತ್ತಾರೆ. ಆದರೂ ಆಫೀಸಿಗೆ ಒಂದು ಮೇಲ್ ಬರೆಯಿರಿ ಎಂದರೆ ‘ಐ ಹ್ಯಾವ್ ಸೆಂಟ್ ದ ರಿಪೋರ್ಟ್ ಯೆಸ್ಟರ್‌ಡೇ’ ಎಂದು ಬರೆದಿರುತ್ತಾರೆ. ರೂಪ ಬಾಯಿಪಾಠ ಆಗಿದೆ, ಎಲ್ಲಿ ಯಾವುದು ಎಂಬ ಆಯ್ಕೆ ಕೈಗೆ ಹತ್ತಿಲ್ಲ.

ಪ್ರೆಸೆಂಟ್ ಪರ್ಫೆಕ್ಟ್ ಮತ್ತು ಸಿಂಪಲ್ ಪಾಸ್ಟ್ ನಡುವಿನ ಈ ಆಯ್ಕೆಯನ್ನು ಕನ್ನಡಿಗರು ಹೊಸದಾಗಿ ಕಲಿಯಬೇಕಾಗಿಲ್ಲ ಎಂಬುದು ನನ್ನ ಗಟ್ಟಿ ನಂಬಿಕೆ. ಇದೇ ಭೇದವನ್ನು ನಾವು ದಿನವೂ ಕನ್ನಡದಲ್ಲಿ ಮಾಡುತ್ತೇವೆ. ಅದು ಎಲ್ಲಿ ಅಡಗಿದೆ ಎಂದು ಯಾರೂ ತೋರಿಸಿಕೊಟ್ಟಿಲ್ಲ, ಅಷ್ಟೇ. ಪಾಠ ಹೇಳುತ್ತ ನನಗೆ ಮನವರಿಕೆಯಾದ ಸಂಗತಿಗಳನ್ನು ಇಲ್ಲಿ ಒಂದೊಂದಾಗಿ ಬರೆದಿದ್ದೇನೆ.

1. ತೊಡಕಿನ ಬೇರು ‘ಬಂದಿದ್ದಾನೆ’ ಎಂಬ ಮಾತಿನಲ್ಲಿದೆ

ಈ ಮೂರು ವಾಕ್ಯಗಳನ್ನು ಓದಿ. ಅಣ್ಣ ನಿನ್ನೆ ಬಂದ. ಅಣ್ಣ ನಿನ್ನೆ ಬಂದಿದ್ದಾನೆ. ಅಣ್ಣ ನಿನ್ನೆ ಬಂದಿದ್ದ. ಮೂರೂ ಒಳ್ಳೆಯ ಕನ್ನಡವೇ. ಮೊದಲನೆಯದು ನಡೆದ ಸಂಗತಿಯನ್ನಷ್ಟೇ ಹೇಳುತ್ತದೆ. ಎರಡನೆಯದನ್ನು ಕೇಳಿದರೆ ಅಣ್ಣ ಈಗಲೂ ಮನೆಯಲ್ಲೇ ಇದ್ದಾನೆಂದು ತಿಳಿಯುತ್ತದೆ. ಮೂರನೆಯದನ್ನು ಕೇಳಿದವರು ಅಣ್ಣ ಬಂದು ಹೋದ ಎಂದುಕೊಳ್ಳುತ್ತಾರೆ. ಒಂದೇ ಕ್ರಿಯಾಪದದಲ್ಲಿ ಬಂದ ದಿನವನ್ನೂ ಈಗಿನ ಸ್ಥಿತಿಯನ್ನೂ ಸೇರಿಸಿ ಹೇಳುವ ಅನುಕೂಲ ಕನ್ನಡಕ್ಕಿದೆ.

ಇಂಗ್ಲಿಷಿಗೆ ಆ ಅನುಕೂಲ ಇಲ್ಲ. ದಿನ ಹೇಳಿದಿರೋ, ಕ್ರಿಯಾಪದ ಆ ದಿನಕ್ಕೆ ಕಟ್ಟುಬೀಳುತ್ತದೆ: ‘ಹಿ ಕೇಮ್ ಯೆಸ್ಟರ್‌ಡೇ.’ ಈಗಿನ ಸ್ಥಿತಿ ಮುಖ್ಯವಾದರೆ ದಿನವನ್ನು ಬಿಡಬೇಕು: ‘ಹಿ ಹ್ಯಾಸ್ ಕಮ್.’ ಎರಡೂ ಬೇಕೆಂದರೆ ಎರಡು ವಾಕ್ಯ ಮಾಡುವುದು ಸುಲಭ: ‘ಹಿ ಕೇಮ್ ಯೆಸ್ಟರ್‌ಡೇ. ಹಿ ಈಸ್ ಸ್ಟಿಲ್ ಹಿಯರ್.’ ನಮ್ಮವರು ಕನ್ನಡದ ಆ ಒಂದು ವಾಕ್ಯವನ್ನು ಹಾಗೇ ಎತ್ತಿ ಇಂಗ್ಲಿಷಿಗೆ ಹಾಕುತ್ತಾರೆ. ‘ಹಿ ಹ್ಯಾಸ್ ಕಮ್ ಯೆಸ್ಟರ್‌ಡೇ’ ಹುಟ್ಟುವುದು ಅಲ್ಲಿಯೇ. ಇದಕ್ಕೆ ದಡ್ಡತನ ಎಂದು ಹೆಸರಿಡಬಾರದು. ಜರ್ಮನ್, ಫ್ರೆಂಚ್ ಮಾತೃಭಾಷೆಯವರೂ ಇಂಗ್ಲಿಷ್ ಕಲಿಯುವಾಗ ಇಲ್ಲೇ ಎಡವುತ್ತಾರೆ. ಅವರ ಭಾಷೆಗಳಲ್ಲೂ ‘ಹ್ಯಾವ್’ ಜೊತೆ ‘ನಿನ್ನೆ’ ಸಲೀಸಾಗಿ ಕೂರುತ್ತದೆ. ಕಾರಣ ಗೊತ್ತಾದ ಮೇಲೆ ವಿದ್ಯಾರ್ಥಿಯ ಮುಖದ ಅಂಜಿಕೆ ಇಳಿಯುವುದನ್ನು ನಾನು ನೋಡಿದ್ದೇನೆ. ಅಂಜಿಕೆ ಇಳಿದ ಮೇಲೇ ಕಲಿಕೆ ಶುರುವಾಗುವುದು.

ಅದಕ್ಕೇ ನಾನು ಮೊದಲು ಹೇಳಿಕೊಡುವುದು ಇದನ್ನು: ಒಂದನ್ನು ಎರಡು ಮಾಡಿ. ಸಂಗತಿಗೊಂದು ವಾಕ್ಯ, ಸ್ಥಿತಿಗೊಂದು ವಾಕ್ಯ. ‘ಐ ಸೆಂಟ್ ದ ರಿಪೋರ್ಟ್ ಯೆಸ್ಟರ್‌ಡೇ. ಇಟ್ ಈಸ್ ಇನ್ ಯುವರ್ ಇನ್‌ಬಾಕ್ಸ್.’

2. ‘ಇಲ್ಲ’ ಎಂದು ಹೇಳಿ ನೋಡಿ, ಭೇದ ತಾನಾಗಿ ಹೊರಬರುತ್ತದೆ

ಇದು ನನ್ನ ತರಗತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಕೆಲಸ ಮಾಡಿದ ಪಾಠ. ‘ಮಾಡಿದೆ’, ‘ಮಾಡಿದ್ದೇನೆ’ ಎನ್ನುವಾಗ ಕನ್ನಡದಲ್ಲಿ ಗೆರೆ ತುಸು ಮಸುಕಾಗಿರುತ್ತದೆ. ನಿಷೇಧಕ್ಕೆ ಬಂದ ಕೂಡಲೇ ಅದು ಸ್ಪಷ್ಟವಾಗುತ್ತದೆ: ಮಾಡಲಿಲ್ಲ, ಮಾಡಿಲ್ಲ.

ಬೆಳಗಿನ ತರಗತಿಗೆ ಸೊರಗಿದ ಮುಖ ಹೊತ್ತು ಬಂದ ಹುಡುಗಿಯನ್ನು ‘ಯಾಕವಾ, ನಾಷ್ಟಾ ಆಗಿಲ್ಲೇನ?’ ಎಂದು ಕೇಳಿದರೆ ಆಕೆ ‘ಇಲ್ರೀ ಸರ್, ಇನ್ನೂ ಮಾಡಿಲ್ಲ’ ಎನ್ನುತ್ತಾಳೆ. ‘ಮಾಡಲಿಲ್ಲ’ ಎನ್ನುವುದಿಲ್ಲ. ನಾಷ್ಟಾದ ಹೊತ್ತು ಇನ್ನೂ ಮುಗಿದಿಲ್ಲ, ಪಾಠ ಮುಗಿದ ಮೇಲೆ ಮಾಡಬಹುದು. ಅದೇ ಹುಡುಗಿ ಹಿಂದಿನ ದಿನದ ಮಾತೆತ್ತಿದರೆ ‘ನಿನ್ನೆ ಜ್ವರ ಇತ್ರೀ, ನಾಷ್ಟಾನೇ ಮಾಡ್ಲಿಲ್ಲ’ ಎನ್ನುತ್ತಾಳೆ. ಆ ಹೊತ್ತು ಕಳೆದುಹೋಯಿತು, ಇನ್ನು ಅದನ್ನು ತಿದ್ದಲು ಬರುವುದಿಲ್ಲ. ‘ಮಾಡಿಲ್ಲ’ ಎಂದರೆ ‘ಹ್ಯಾವಂಟ್’, ‘ಮಾಡಲಿಲ್ಲ’ ಎಂದರೆ ‘ಡಿಡಂಟ್’. ಉದ್ರಿ ಖಾತೆಯ ಹಾಗೆ ಇದು: ಲೆಕ್ಕ ಇನ್ನೂ ನಡೆಯುತ್ತಿದ್ದರೆ ಹ್ಯಾವ್, ಚುಕ್ತಾ ಆಗಿದ್ದರೆ ಡಿಡ್. ‘ಚುಕ್ತಾ ಆತೇನು?’ ಎಂಬುದೇ ಈಗ ನಮ್ಮ ತರಗತಿಯ ಪ್ರಶ್ನೆ.

ಈ ಭೇದ ಎಷ್ಟು ಮುಖ್ಯ ಎಂದು ನರ್ಸುಗಳಿಗೆ ಹೇಳಿಕೊಡಬೇಕಾಗಿಲ್ಲ. ಪಾಳಿ ಬದಲಾಗುವಾಗ ರೋಗಿಯ ವಿವರ ಒಪ್ಪಿಸುವ ಅಭ್ಯಾಸವನ್ನು ನಾವು ತರಗತಿಯಲ್ಲಿ ಮಾಡುತ್ತೇವೆ. ‘ಹಿ ಡಿಡಂಟ್ ಪಾಸ್ ಯೂರಿನ್’ ಎಂದು ಒಬ್ಬಾಕೆ ಹೇಳಿದಳು ಎನ್ನಿ. ಕೇಳಿದವರಿಗೆ ‘ಯಾವಾಗ? ನಿನ್ನೆ ರಾತ್ರಿಯೇ? ಈಗ ಸರಿಹೋಗಿದೆಯೇ?’ ಎಂಬ ಅನುಮಾನ ಬರುತ್ತದೆ. ‘ಹಿ ಹ್ಯಾಸಂಟ್ ಪಾಸ್ಡ್ ಯೂರಿನ್ ಸಿನ್ಸ್ ಮಾರ್ನಿಂಗ್’ ಎಂದರೆ ಈ ಕ್ಷಣದವರೆಗೂ ಆಗಿಲ್ಲ, ಈಗಲೇ ಏನಾದರೂ ಮಾಡಬೇಕು ಎಂಬ ಅರ್ಥ. ಕನ್ನಡದಲ್ಲಿ ಆಕೆ ಎಂದೂ ಈ ಗೊಂದಲ ಮಾಡುವುದಿಲ್ಲ. ‘ಮುಂಜಾನಿಂದ ಮೂತ್ರ ಆಗಿಲ್ಲ’ ಎಂದೇ ಹೇಳುತ್ತಾಳೆ. ಮಾತ್ರೆಯ ವಿಚಾರವೂ ಹೀಗೆಯೇ. ‘ಹ್ಯಾಸ್ ಹಿ ಟೇಕನ್ ಹಿಸ್ ಟ್ಯಾಬ್ಲೆಟ್?’ ಎಂದು ಕೇಳಬೇಕು. ಉತ್ತರದಲ್ಲಿ ಗಂಟೆ ಬಂದರೆ ‘ಯೆಸ್, ಹಿ ಟುಕ್ ಇಟ್ ಅಟ್ ಏಯ್ಟ್’ ಎನ್ನಬೇಕು. ಆರೋಗ್ಯ ಕ್ಷೇತ್ರದವರಿಗಾಗಿ ನಡೆಯುವ ಓ.ಇ.ಟಿ. ಪರೀಕ್ಷೆಯ ಮಾತಿನ ಭಾಗದಲ್ಲಿ ಎರಡು ಪಾತ್ರಾಭಿನಯ ಇರುತ್ತವೆ. ಅಲ್ಲಿ ರೋಗಿಯೊಡನೆಯೋ ಮನೆಯವರೊಡನೆಯೋ ಮಾತಾಡುವಾಗ ಇಂಥ ಪ್ರಶ್ನೆ, ಉತ್ತರಗಳು ಹೆಜ್ಜೆಹೆಜ್ಜೆಗೂ ಬೇಕಾಗುತ್ತವೆ.

‘ಬಸ್ ಇನ್ನೂ ಬರ್ಲಿಲ್ಲ’ ಎನ್ನುವವರೂ ಇದ್ದಾರೆ, ‘ಅವ ನಿನ್ನೆ ಬಂದಿಲ್ಲ’ ಎನ್ನುವವರೂ ಇದ್ದಾರೆ. ಆಡುಮಾತು ಅಷ್ಟು ಸಡಿಲ ಇರುವುದೇ. ನಿಧಾನವಾಗಿ ಎರಡನ್ನೂ ನಾಲಿಗೆಯ ಮೇಲೆ ಆಡಿಸಿ, ಯಾವುದು ಹೆಚ್ಚು ಒಪ್ಪುತ್ತದೆ ಎಂದು ಕೇಳಿಕೊಳ್ಳಿ. ಸಂಶಯ ಬಂದಾಗಲೆಲ್ಲ ವಾಕ್ಯವನ್ನು ಒಮ್ಮೆ ‘ಇಲ್ಲ’ಕ್ಕೆ ತಿರುಗಿಸಿ ನೋಡಿ, ಸಾಕು.

3. ‘ಇತ್ತೀಚೆಗೆ ಮುಗಿದ ಕೆಲಸ’ ಎಂಬ ಸೂತ್ರವನ್ನು ನೆಚ್ಚಬೇಡಿ

ಪ್ರೆಸೆಂಟ್ ಪರ್ಫೆಕ್ಟ್ ಎಂದರೆ ಈಗಷ್ಟೇ ಮುಗಿದದ್ದು, ಸಿಂಪಲ್ ಪಾಸ್ಟ್ ಎಂದರೆ ಬಹಳ ಹಿಂದೆ ಮುಗಿದದ್ದು ಎಂದು ಶಾಲೆಯಲ್ಲಿ ಬರೆಸಿರುತ್ತಾರೆ. ನಮ್ಮಲ್ಲಿ ತಲೆಮಾರುಗಳಿಂದ ಓದುವ ರೆನ್ ಮತ್ತು ಮಾರ್ಟಿನ್ ವ್ಯಾಕರಣದಲ್ಲಿ ‘ಈಗಷ್ಟೇ ಮುಗಿದ ಕ್ರಿಯೆ’ ಎಂಬ ಉಪಯೋಗ ಮೊದಲಿಗೇ ಬರುತ್ತದೆ. ಅದೇ ಪುಸ್ತಕ, ಕಳೆದ ಕಾಲವನ್ನು ಸೂಚಿಸುವ ಪದಗಳ ಜೊತೆ ಪ್ರೆಸೆಂಟ್ ಪರ್ಫೆಕ್ಟ್ ಬಳಸಬಾರದು ಎಂದೂ ಎಚ್ಚರಿಸುತ್ತದೆ. ನಮ್ಮ ನೆನಪಿನಲ್ಲಿ ಉಳಿದದ್ದು ಮೊದಲ ಮಾತು ಮಾತ್ರ.

ಎಷ್ಟು ಹಳೆಯದು ಎಂಬುದಕ್ಕೂ ಈ ಆಯ್ಕೆಗೂ ಸಂಬಂಧ ಕಡಿಮೆ. ಐದು ನಿಮಿಷದ ಹಿಂದೆ ಬಂದವನಿಗೂ ‘ಹಿ ಕೇಮ್ ಫೈವ್ ಮಿನಿಟ್ಸ್ ಅಗೋ’ ಎಂದೇ ಹೇಳಬೇಕು. ‘ಅಗೋ’ ಬಂತೆಂದರೆ ಹ್ಯಾವ್ ಬರುವಂತಿಲ್ಲ. ಅತ್ತ, ಹಂಪಿ ಯುನೆಸ್ಕೋ ಪಟ್ಟಿಗೆ ಸೇರಿದ್ದು 1986ರಲ್ಲಿ. ದಶಕಗಳೇ ಕಳೆದಿದ್ದರೂ ‘ಹಂಪಿ ಹ್ಯಾಸ್ ಬೀನ್ ಎ ವರ್ಲ್ಡ್ ಹೆರಿಟೇಜ್ ಸೈಟ್ ಸಿನ್ಸ್ 1986’ ಎನ್ನಬೇಕು, ಏಕೆಂದರೆ ಇವತ್ತಿಗೂ ಆ ಪಟ್ಟಿಯಲ್ಲಿದೆ. ಅದೇ ಹಂಪಿಯ ಬಗ್ಗೆ ತಾಳಿಕೋಟೆ ಯುದ್ಧದ ಮಾತು ಬಂದರೆ ‘ದ ಸಿಟಿ ಫೆಲ್ ಇನ್ 1565’.

ಗಡಿಯಾರವೂ ವಾಕ್ಯವನ್ನು ಬದಲಿಸಬಲ್ಲದು. ಮುಂಜಾನೆ ಹತ್ತಕ್ಕೆ ‘ಹ್ಯಾವ್ ಯು ರೆಡ್ ದ ಪೇಪರ್ ದಿಸ್ ಮಾರ್ನಿಂಗ್?’ ಎಂದು ಕೇಳಿದರೆ ಸರಿ. ಸಂಜೆ ನಾಲ್ಕಕ್ಕೆ ಅದೇ ಪ್ರಶ್ನೆ ‘ಡಿಡ್ ಯು ರೀಡ್ ದ ಪೇಪರ್ ದಿಸ್ ಮಾರ್ನಿಂಗ್?’ ಎಂದಾಗುತ್ತದೆ. ಪೇಪರೂ ಅದೇ, ಓದುವವರೂ ಅವರೇ, ಮುಂಜಾನೆ ಮಾತ್ರ ಮುಗಿದಿದೆ. ಟುಡೇ, ದಿಸ್ ವೀಕ್, ದಿಸ್ ಇಯರ್ ಇವೆಲ್ಲ ಹೀಗೇ. ವಾರ ಇನ್ನೂ ನಡೆಯುತ್ತಿದ್ದರೆ ಹ್ಯಾವ್ ಬರಬಹುದು. ‘ಲಾಸ್ಟ್ ವೀಕ್’ ಎಂದರೆ ಮಾತಿಲ್ಲದೆ ಸಿಂಪಲ್ ಪಾಸ್ಟ್.

4. ‘ವೆನ್’ ಎಂದು ಕೇಳಿದರೆ ಡಿಡ್

ಇದು ಚಿಕ್ಕ ಪಾಠ, ಆದರೆ ಕೈಬಿಡುವಂತಿಲ್ಲ. ‘ವೆನ್ ಹ್ಯಾವ್ ಯು ಕಮ್?’, ‘ವೆನ್ ಹ್ಯಾವ್ ಯು ಜಾಯಿನ್ಡ್?’ ಎಂಬ ಪ್ರಶ್ನೆಗಳು ನಮ್ಮ ಆಫೀಸುಗಳಲ್ಲಿ ದಿನವೂ ಕೇಳಿಬರುತ್ತವೆ. ನಡೆದುಹೋದ ಒಂದು ಸಂಗತಿ ಯಾವಾಗ ನಡೆಯಿತು ಎಂದು ವಿಚಾರಿಸುವ ಪ್ರಶ್ನೆಯೇ ಒಂದು ದಿನಾಂಕವನ್ನು ಬೇಡುತ್ತದೆ, ದಿನಾಂಕ ಬಂದ ಕಡೆ ಹ್ಯಾವ್ ನಿಲ್ಲುವುದಿಲ್ಲ. ‘ವೆನ್ ಡಿಡ್ ಯು ಜಾಯಿನ್?’ ಎನ್ನಿ. ‘ಹೌ ಲಾಂಗ್ ಹ್ಯಾವ್ ಯು ಬೀನ್ ಹಿಯರ್?’ ಎಂಬುದರ ಹದ ಬೇರೆ, ಅಲ್ಲಿ ಉತ್ತರ ಇವತ್ತಿನವರೆಗೂ ಬರುತ್ತದೆ.

5. ರೆಸ್ಯೂಮೆಯಲ್ಲಿ ಒಂದು ಹ್ಯಾವ್ ನಿಮ್ಮ ಚರಿತ್ರೆಯನ್ನೇ ಬದಲಿಸುತ್ತದೆ

‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿ.ಇ. ಇನ್ 2019.’ ಕೆಲಸ ಹುಡುಕುವವರ ಸ್ವಪರಿಚಯದಲ್ಲಿ ಇದಕ್ಕಿಂತ ಹೆಚ್ಚು ಬಾರಿ ನಾನು ನೋಡಿದ ವಾಕ್ಯ ಇನ್ನೊಂದಿಲ್ಲ. ವರ್ಷ ಬೇಕಿದ್ದರೆ ‘ಐ ಕಂಪ್ಲೀಟೆಡ್ ಮೈ ಬಿ.ಇ. ಇನ್ 2019’. ವರ್ಷ ಬೇಡವಾದರೆ ‘ಐ ಹ್ಯಾವ್ ಕಂಪ್ಲೀಟೆಡ್ ಮೈ ಬಿ.ಇ.’ ಸರಿಯಾದ ವಾಕ್ಯ, ‘ಪದವಿ ಕೈಯಲ್ಲಿದೆ, ಕೆಲಸಕ್ಕೆ ಸಿದ್ಧ’ ಎಂಬ ಅರ್ಥವನ್ನೂ ಕೊಡುತ್ತದೆ.

ಇಷ್ಟಾದರೂ ಇದು ವ್ಯಾಕರಣದ ತಪ್ಪು, ಅರ್ಥ ಕೆಡುವುದಿಲ್ಲ. ಅರ್ಥವನ್ನೇ ಕೆಡಿಸುವ ವಾಕ್ಯ ಇನ್ನೊಂದಿದೆ. ‘ಐ ಹ್ಯಾವ್ ವರ್ಕ್ಡ್ ಇನ್ ಎ ಟೆಕ್ಸ್‌ಟೈಲ್ ಕಂಪನಿ ಫಾರ್ ಫೈವ್ ಇಯರ್ಸ್’ ಎಂದು ಬರೆದವರು ಆ ಕಂಪನಿಯನ್ನು ಬಿಟ್ಟು ಎರಡು ವರ್ಷವಾಗಿರುತ್ತದೆ. ಓದಿದ ಎಚ್.ಆರ್. ಅಧಿಕಾರಿ ಇವರು ಇನ್ನೂ ಅಲ್ಲೇ ಇದ್ದಾರೆ ಎಂದುಕೊಳ್ಳಬಹುದು. ಆಮೇಲೆ ದಾಖಲೆಗಳಲ್ಲಿ ಬಿಟ್ಟ ತಾರೀಖು ಕಂಡಾಗ, ಅಭ್ಯರ್ಥಿ ಏನನ್ನೋ ಮುಚ್ಚಿಟ್ಟ ಹಾಗೆ ತೋರುತ್ತದೆ. ಬಿಟ್ಟುಬಂದ ಕೆಲಸಕ್ಕೆ ‘ವರ್ಕ್ಡ್’, ಇವತ್ತಿಗೂ ಮಾಡುತ್ತಿರುವ ಕೆಲಸಕ್ಕೆ ‘ಹ್ಯಾವ್ ವರ್ಕ್ಡ್’. ಕನ್ನಡದಲ್ಲಿ ‘ಐದು ವರ್ಷ ಕೆಲಸ ಮಾಡಿದ್ದೇನೆ’ ಎಂದರೆ ಎರಡಕ್ಕೂ ನಡೆಯುತ್ತದೆ, ಅದಕ್ಕೇ ಕಾಲು ಜಾರುವುದು. ಆದರೆ ಹಲವು ಕಡೆಯ ದುಡಿಮೆಯನ್ನು ಸೇರಿಸಿ, ಯಾವಾಗ ಎಂದು ಹೇಳದೆ, ಒಟ್ಟು ಅನುಭವ ಹೇಳುವಾಗ ‘ಐ ಹ್ಯಾವ್ ವರ್ಕ್ಡ್ ಇನ್ ತ್ರೀ ಕಂಪನೀಸ್’ ಸರಿಯೇ. ನಿಮ್ಮ ವೃತ್ತಿಜೀವನ ಇನ್ನೂ ನಡೆಯುತ್ತಿದೆಯಲ್ಲ.

ರೆಸ್ಯೂಮೆ ತಿದ್ದುವಾಗ ನಾನು ಕೆಂಪು ಪೆನ್ನಿನಿಂದ ಮೊದಲು ವರ್ಷಗಳಿಗೆ ಸುತ್ತು ಹಾಕಿಸುತ್ತೇನೆ. ಸುತ್ತು ಬಿದ್ದ ವಾಕ್ಯದಲ್ಲಿ ಹ್ಯಾವ್ ಇದ್ದರೆ ಅದಕ್ಕೆ ‘ಸಿನ್ಸ್’ ಇದೆಯೇ ನೋಡಬೇಕು. ಇಲ್ಲದಿದ್ದರೆ ಹ್ಯಾವ್ ಹೊಡೆದುಹಾಕಬೇಕು. ಐದು ನಿಮಿಷದಲ್ಲಿ ಇಡೀ ಪುಟ ನೆಟ್ಟಗಾಗುತ್ತದೆ.

6. ದ್ರಾವಿಡ್, ಕುಂಬ್ಳೆ, ಕುವೆಂಪು

ವ್ಯಾಕರಣ ಪುಸ್ತಕದ ಜಾನ್, ಮೇರಿಗಳಿಂದ ಈ ಭೇದ ಮನಸ್ಸಿಗಿಳಿಯುವುದಿಲ್ಲ. ನಮಗೆ ಪರಿಚಯದ ಜನರಿಂದ ಬೇಗ ಇಳಿಯುತ್ತದೆ.

ಸಾಮಾನ್ಯವಾಗಿ ಹೇಳುವ ನಿಯಮ: ತೀರಿಕೊಂಡವರ ಬಗ್ಗೆ ಸಿಂಪಲ್ ಪಾಸ್ಟ್, ಬದುಕಿರುವವರ ಬಗ್ಗೆ ಪ್ರೆಸೆಂಟ್ ಪರ್ಫೆಕ್ಟ್. ಅರ್ಧ ಸರಿ. ರಾಹುಲ್ ದ್ರಾವಿಡ್ ಟೆಸ್ಟ್ ಕ್ರಿಕೆಟ್ಟಿನಲ್ಲಿ ಗಳಿಸಿದ್ದು 13,288 ರನ್. ಅವರು ನಮ್ಮ ನಡುವೆಯೇ ಇದ್ದಾರೆ. ಆದರೂ ‘ದ್ರಾವಿಡ್ ಹ್ಯಾಸ್ ಸ್ಕೋರ್ಡ್’ ಎಂದರೆ ಹೊಂದುವುದಿಲ್ಲ. 2012ರಲ್ಲಿ ನಿವೃತ್ತರಾದರು, ಆ ಲೆಕ್ಕಕ್ಕೆ ಇನ್ನೊಂದು ರನ್ ಸೇರುವುದಿಲ್ಲ. ‘ದ್ರಾವಿಡ್ ಸ್ಕೋರ್ಡ್ 13,288 ರನ್ಸ್ ಇನ್ ಟೆಸ್ಟ್ ಕ್ರಿಕೆಟ್.’ ಇನ್ನೂ ಆಡುತ್ತಿರುವ ಯಾವ ಆಟಗಾರನಿಗಾದರೂ ‘ಹ್ಯಾಸ್ ಸ್ಕೋರ್ಡ್’ ಬೇಕು, ನಾಳೆ ಆ ಅಂಕಿ ಏರಬಹುದು. ಅಂದಮೇಲೆ ನೋಡಬೇಕಾದದ್ದು ಮನುಷ್ಯನ ಆಯಸ್ಸನ್ನಲ್ಲ, ಆ ಲೆಕ್ಕದ ಆಯಸ್ಸನ್ನು.

ಅನಿಲ್ ಕುಂಬ್ಳೆಯವರ ಉದಾಹರಣೆ ಇನ್ನೂ ಸೊಗಸು. 1999ರ ಫೆಬ್ರವರಿಯಲ್ಲಿ ದೆಹಲಿಯಲ್ಲಿ ಪಾಕಿಸ್ತಾನದ ವಿರುದ್ಧ ಒಂದೇ ಟೆಸ್ಟ್ ಇನಿಂಗ್ಸಿನಲ್ಲಿ ಹತ್ತೂ ವಿಕೆಟ್ ಉರುಳಿಸಿದರು: ‘ಕುಂಬ್ಳೆ ಟುಕ್ ಆಲ್ ಟೆನ್ ವಿಕೆಟ್ಸ್ ಇನ್ 1999.’ 1956ರಲ್ಲಿ ಜಿಮ್ ಲೇಕರ್, 2021ರಲ್ಲಿ ಮುಂಬೈಯಲ್ಲಿ ಎಜಾಜ್ ಪಟೇಲ್ ಇದನ್ನೇ ಮಾಡಿದರು. ಬಿಡಿಬಿಡಿಯಾಗಿ ಹೇಳಿದರೆ ಮೂವರಿಗೂ ‘ಟುಕ್’. ಸೇರಿಸಿ ಹೇಳಿದಿರೋ, ‘ಓನ್ಲಿ ತ್ರೀ ಬೌಲರ್ಸ್ ಹ್ಯಾವ್ ಟೇಕನ್ ಆಲ್ ಟೆನ್’. ಅದೇ ಸಂಗತಿಗಳು, ಕ್ರಿಯಾಪದ ಬೇರೆ! ಮೂರೂ ಪಂದ್ಯಗಳು ಮುಗಿದಿವೆ, ಪಟ್ಟಿ ಮುಗಿದಿಲ್ಲ. ನಾಲ್ಕನೆಯ ಬೌಲರ್ ಯಾವತ್ತಾದರೂ ಸೇರಬಹುದು. ಇದನ್ನು ಹಲಗೆಯ ಮೇಲೆ ಬರೆದಾಗ ಕ್ರಿಕೆಟ್ ಹುಚ್ಚಿನ ಹುಡುಗರ ಕಣ್ಣು ಅರಳುತ್ತದೆ. ಅದಾದ ಮೇಲೆ ಆ ಹುಡುಗರಿಗೆ ನಾನು ನಿಯಮ ಹೇಳುವ ಪ್ರಸಂಗ ಕಡಿಮೆಯಾಗುತ್ತದೆ.

ಸಾಹಿತ್ಯದಲ್ಲೂ ಇದೇ ಲೆಕ್ಕ. ‘ಕನ್ನಡ ರೈಟರ್ಸ್ ಹ್ಯಾವ್ ವನ್ ಏಯ್ಟ್ ಜ್ಞಾನಪೀಠ ಅವಾರ್ಡ್ಸ್’, ಏಕೆಂದರೆ ಒಂಬತ್ತನೆಯದು ಬರಬಹುದು. ‘ಕುವೆಂಪು ವನ್ ಇಟ್ ಫಾರ್ ದ ಇಯರ್ 1967.’ 1994ರಲ್ಲಿ ತೀರಿಕೊಂಡ ಕುವೆಂಪು ಅವರ ಬಗ್ಗೆ ‘ಕುವೆಂಪು ಹ್ಯಾಸ್ ರಿಟನ್ ಟೂ ಗ್ರೇಟ್ ನಾವೆಲ್ಸ್’ ಎನ್ನಬಾರದು, ‘ರೋಟ್’ ಎನ್ನಬೇಕು. ಆದರೆ ‘ಕುವೆಂಪು ಹ್ಯಾಸ್ ಇನ್‌ಫ್ಲುಯೆನ್ಸ್‌ಡ್ ಜನರೇಷನ್ಸ್ ಆಫ್ ರೈಟರ್ಸ್’ ಎನ್ನಬಹುದು. ಬರೆಯುವ ಕೈ ನಿಂತಿತು, ಪ್ರಭಾವ ನಿಂತಿಲ್ಲ. ಈ ಸೂಕ್ಷ್ಮ ಹಿಡಿದವರು ಪ್ರೆಸೆಂಟ್ ಪರ್ಫೆಕ್ಟಿನ ಒಳಗನ್ನೇ ಹಿಡಿದರು ಎಂದು ನಾನು ಲೆಕ್ಕ ಹಾಕುತ್ತೇನೆ.

7. ಬಾಗಿಲು ತೆಗೆಯಲು ಹ್ಯಾವ್, ಕಥೆ ಹೇಳಲು ಪಾಸ್ಟ್

ಒಂದೊಂದೇ ವಾಕ್ಯ ಬಿಡಿಸುವ ಅಭ್ಯಾಸ ಮಾಡಿದವರು ಮಾತಿಗೆ ನಿಂತಾಗ ತಡವರಿಸುತ್ತಾರೆ. ಇಂಗ್ಲಿಷರ ಮಾತಿನ ನಡೆಯನ್ನು ಗಮನಿಸಿದರೆ ಒಂದು ಕ್ರಮ ಕಾಣುತ್ತದೆ: ಸುದ್ದಿಯನ್ನು ಹ್ಯಾವ್ ಹಚ್ಚಿ ಮುಂದಿಡುತ್ತಾರೆ, ವಿವರಕ್ಕೆ ಇಳಿದ ಕೂಡಲೇ ಸಿಂಪಲ್ ಪಾಸ್ಟಿಗೆ ಹೊರಳುತ್ತಾರೆ, ಮತ್ತೆ ಹ್ಯಾವ್ ಕಡೆ ಬೇಗ ಬರುವುದಿಲ್ಲ.

2023ರ ಆಗಸ್ಟ್ 23ರ ಸಂಜೆಯ ಸುದ್ದಿಯನ್ನೇ ತೆಗೆದುಕೊಳ್ಳಿ. ‘ಇಂಡಿಯಾ ಹ್ಯಾಸ್ ಲ್ಯಾಂಡೆಡ್ ಎ ಸ್ಪೇಸ್‌ಕ್ರಾಫ್ಟ್ ನಿಯರ್ ದ ಮೂನ್ಸ್ ಸೌತ್ ಪೋಲ್’ ಎಂದು ಮೊದಲ ವಾಕ್ಯ ಮಾಡಬಹುದು. ಎರಡನೆಯದರಿಂದ ‘ಚಂದ್ರಯಾನ-3 ಟಚ್ಡ್ ಡೌನ್ ಆನ್ ವೆನ್ಸ್‌ಡೇ ಈವ್ನಿಂಗ್. ಇಟ್ ಲೆಫ್ಟ್ ಶ್ರೀಹರಿಕೋಟಾ ಆನ್ 14 ಜುಲೈ’. 2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಆ ಸುದ್ದಿಯನ್ನೂ ನಾವು ಇದೇ ಅಚ್ಚಿನಲ್ಲಿ ಬರೆದೆವು: ‘ಬಾನು ಮುಷ್ತಾಕ್ ಹ್ಯಾಸ್ ವನ್ ದ ಇಂಟರ್‌ನ್ಯಾಷನಲ್ ಬೂಕರ್ ಪ್ರೈಜ್. ದೀಪಾ ಭಾಸ್ತಿ ಟ್ರಾನ್ಸ್‌ಲೇಟೆಡ್ ದ ಸ್ಟೋರೀಸ್.’

ಐ.ಇ.ಎಲ್.ಟಿ.ಎಸ್. ಎಂಬ ಇಂಗ್ಲಿಷ್ ಪರೀಕ್ಷೆ ಬರೆಯುವವರಿಗೆ ಈ ಕ್ರಮ ನೇರವಾಗಿ ಕೈಹಿಡಿಯುತ್ತದೆ. ಮಾತಿನ ಪರೀಕ್ಷೆ 11ರಿಂದ 14 ನಿಮಿಷ. ಅದರ ಎರಡನೇ ಭಾಗದಲ್ಲಿ ಒಂದು ಚೀಟಿ ಕೊಟ್ಟು, ಒಂದು ನಿಮಿಷ ಯೋಚಿಸಲು ಬಿಟ್ಟು, ಎರಡು ನಿಮಿಷದವರೆಗೆ ಮಾತಾಡಲು ಹೇಳುತ್ತಾರೆ. ಚೀಟಿಯಲ್ಲಿ ‘ನೀವು ನೋಡಿದ ಒಂದು ಊರಿನ ಬಗ್ಗೆ ಹೇಳಿ’ ಎಂಬಂಥ ವಿಷಯ ಇರುತ್ತದೆ, ಪ್ರಶ್ನೆ ಹ್ಯಾವ್ ಹೊತ್ತು ಬರುತ್ತದೆ. ನಮ್ಮ ಮಕ್ಕಳು ಆ ಹ್ಯಾವ್ ಕೈಬಿಡದೆ ಎರಡು ನಿಮಿಷವೂ ಎಳೆಯುತ್ತಾರೆ: ‘ಐ ಹ್ಯಾವ್ ಗಾನ್ ಟು ಬಾದಾಮಿ ಲಾಸ್ಟ್ ಇಯರ್, ವಿ ಹ್ಯಾವ್ ಸೀನ್ ದ ಕೇವ್ಸ್, ವಿ ಹ್ಯಾವ್ ಈಟನ್ ರೊಟ್ಟಿ...’ ಮೊದಲ ವಾಕ್ಯ ‘ಐ ಹ್ಯಾವ್ ಬೀನ್ ಟು ಬಾದಾಮಿ’ ಆಗಿ, ಅಲ್ಲಿಂದ ಮುಂದೆ ವೆಂಟ್, ಸಾ, ಕ್ಲೈಮ್ಡ್, ಏಟ್ ಎಂದು ಸಾಗಿದರೆ ಮಾತಿಗೆ ಓಟ ಬರುತ್ತದೆ. ಆ ಪರೀಕ್ಷೆಯಲ್ಲಿ ವ್ಯಾಕರಣಕ್ಕೆ ನಾಲ್ಕರಲ್ಲಿ ಒಂದು ಪಾಲು ಅಂಕ. ಕ್ರಿಯಾಪದಗಳು ನೆಟ್ಟಗಿದ್ದರೆ ಓಟಕ್ಕಿರುವ ಪಾಲಿಗೂ ನೆರವಾಗಬಹುದು.

ಮೇಲಿನ ವಾಕ್ಯದಲ್ಲಿ ‘ಬೀನ್’ ಬಂದದ್ದನ್ನು ಗಮನಿಸಿ. ‘ಗಾನ್’ ಎಂದರೆ ಹೋದವರು ಇನ್ನೂ ಮರಳಿಲ್ಲ. ‘ಬೀನ್’ ಎಂದರೆ ಹೋಗಿ ಬಂದಿದ್ದಾರೆ. ಎದುರಿಗೆ ಕೂತು ‘ಐ ಹ್ಯಾವ್ ಗಾನ್’ ಎನ್ನಲಾಗುವುದಿಲ್ಲ.

8. ‘ಇಂದ’ ಪ್ರತ್ಯಯ ಎರಡು ಕೆಲಸ ಮಾಡುತ್ತದೆ

‘ಹತ್ತು ವರ್ಷದಿಂದ ಇಲ್ಲಿದ್ದೇನೆ’, ‘2015ರಿಂದ ಇಲ್ಲಿದ್ದೇನೆ’. ಎರಡಕ್ಕೂ ಒಂದೇ ‘ಇಂದ’, ಕ್ರಿಯಾಪದವೂ ವರ್ತಮಾನದ್ದೇ. ಅಲ್ಲಿಂದ ‘ಐ ಆಮ್ ಲಿವಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್’ ಹುಟ್ಟುತ್ತದೆ. ಅವಧಿಗೆ ಫಾರ್, ಶುರುವಿನ ಕ್ಷಣಕ್ಕೆ ಸಿನ್ಸ್ ಎಂಬುದನ್ನು ಎಲ್ಲರೂ ಕಲಿಸುತ್ತಾರೆ, ಅದರ ಬಗ್ಗೆ ನಾನು ಹೆಚ್ಚು ಹೇಳಬೇಕಾಗಿಲ್ಲ. ಕಲಿಸದೆ ಬಿಡುವುದು ಕ್ರಿಯಾಪದವನ್ನು. ಹಿಂದೆ ಶುರುವಾಗಿ ಈಗಲೂ ಇರುವುದಕ್ಕೆ ಇಂಗ್ಲಿಷ್ ‘ಆಮ್’ ಒಪ್ಪುವುದಿಲ್ಲ, ‘ಹ್ಯಾವ್ ಬೀನ್’ ಕೇಳುತ್ತದೆ: ‘ಐ ಹ್ಯಾವ್ ಬೀನ್ ಲಿವಿಂಗ್ ಹಿಯರ್ ಫಾರ್ ಟೆನ್ ಇಯರ್ಸ್.’

9. ಅಗತ್ಯವಿಲ್ಲದ ಹ್ಯಾಡ್

ಹ್ಯಾವ್ ಬಳಸಬೇಡಿ ಎಂದು ಒತ್ತಿ ಹೇಳಿದರೆ ಕೆಲವರು ಹ್ಯಾಡ್ ಹಿಡಿಯುತ್ತಾರೆ. ‘ಐ ಹ್ಯಾಡ್ ಕಾಲ್ಡ್ ಯು ಯೆಸ್ಟರ್‌ಡೇ’, ‘ಐ ಹ್ಯಾಡ್ ಗಾನ್ ಟು ಮೈಸೂರು ಲಾಸ್ಟ್ ವೀಕ್’. ‘ನಿನ್ನೆ ಫೋನ್ ಮಾಡಿದ್ದೆ’, ‘ಹೋದ ವಾರ ಮೈಸೂರಿಗೆ ಹೋಗಿದ್ದೆ’ ಎಂಬ ಕನ್ನಡದ ಸಹಜ ಮಾತೇ ಇದಕ್ಕೆ ಮೂಲ. ಕನ್ನಡದ ‘ಮಾಡಿದ್ದೆ’ ಒಂಟಿಯಾಗಿ ನಿಲ್ಲುತ್ತದೆ. ಇಂಗ್ಲಿಷಿನ ಹ್ಯಾಡ್‌ಗೆ ಜೊತೆಗಾರ ಬೇಕು, ಅದಕ್ಕಿಂತ ಆಮೇಲೆ ನಡೆದ ಇನ್ನೊಂದು ಸಂಗತಿ ಹತ್ತಿರದಲ್ಲಿರಬೇಕು. ‘ವೆನ್ ಐ ರೀಚ್ಡ್ ದ ಸ್ಟೇಷನ್, ದ ಟ್ರೇನ್ ಹ್ಯಾಡ್ ಲೆಫ್ಟ್.’ ನಾನು ಮುಟ್ಟಿದ್ದು ಆಮೇಲೆ, ಗಾಡಿ ಬಿಟ್ಟದ್ದು ಮೊದಲು. ಜೊತೆಗಾರ ಇಲ್ಲದ ಹ್ಯಾಡ್ ಕೇಳಿದ ಇಂಗ್ಲಿಷ್ ಕಿವಿ ‘ಆಮೇಲೇನಾಯಿತು?’ ಎಂದು ಕಾಯುತ್ತ ಕೂರುತ್ತದೆ. ‘ಐ ಕಾಲ್ಡ್ ಯು ಯೆಸ್ಟರ್‌ಡೇ’ ಎಂದರೆ ಮುಗಿಯಿತು. ಬೆಂಗಳೂರಿನ ಕಂಪನಿಗಳ ಮೇಲ್‌ಗಳಲ್ಲಿ ಇವತ್ತು ಹ್ಯಾವ್‌ಗಿಂತ ಹ್ಯಾಡ್ ದುರ್ಬಳಕೆಯೇ ಹೆಚ್ಚು ಎಂದು ನನಗನ್ನಿಸುತ್ತದೆ.

10. ‘ಬಸ್ ಬಂತು!’

ಇದುವರೆಗೆ ಹ್ಯಾವ್ ಹೆಚ್ಚಾದ ಕಡೆಗಳನ್ನು ಹೇಳಿದೆ. ಹ್ಯಾವ್ ಕಡಿಮೆಯಾಗುವ ಜಾಗಗಳೂ ಇವೆ, ಅಲ್ಲೂ ಕನ್ನಡದ್ದೇ ಎಳೆತ. ಕಣ್ಣೆದುರೇ ನಡೆಯುವುದನ್ನು ನಾವು ಭೂತಕಾಲದಲ್ಲಿ ಕೂಗುತ್ತೇವೆ. ಬಸ್ಸು ತಿರುವಿನಲ್ಲಿ ಕಂಡರೂ ಸಾಕು, ‘ಬಸ್ ಬಂತು!’ ದೀಪ ಆರಿದ ಕ್ಷಣ ‘ಕರೆಂಟ್ ಹೋಯ್ತು’. ಇವನ್ನು ‘ದ ಬಸ್ ಕೇಮ್’, ‘ದ ಪವರ್ ವೆಂಟ್’ ಎಂದು ಹೇಳಿದರೆ ಕೇಳಿದವರು ಯಾವತ್ತಿನದೋ ಕಥೆ ಎಂದುಕೊಳ್ಳುತ್ತಾರೆ. ಕಣ್ಣೆದುರಿನ ಬಸ್ಸಿಗೆ ‘ಹಿಯರ್ಸ್ ದ ಬಸ್’, ಹೋದ ಕರೆಂಟಿಗೆ ‘ದ ಪವರ್ಸ್ ಗಾನ್’. ಆ ಹೊತ್ತಿಗೆ ಏನು ಸ್ಥಿತಿ ಇದೆಯೋ ಅದನ್ನೇ ಇಂಗ್ಲಿಷ್ ಹೇಳುತ್ತದೆ.

‘ಊಟ ಆಯ್ತಾ?’ ಎಂಬ ನಮ್ಮ ಕುಶಲ ಪ್ರಶ್ನೆಗೆ ಬ್ರಿಟಿಷ್ ಇಂಗ್ಲಿಷಿನಲ್ಲಿ ‘ಹ್ಯಾವ್ ಯು ಈಟನ್?’ ಎಂಬುದು ಸರಿಹೊಂದುತ್ತದೆ. ಅಮೆರಿಕದಲ್ಲಿರುವ ಕನ್ನಡಿಗರು ‘ಡಿಡ್ ಯು ಈಟ್ ಯೆಟ್?’ ಎಂದು ಕೇಳಿಸಿಕೊಂಡಿರುತ್ತಾರೆ. ಜಸ್ಟ್, ಆಲ್ರೆಡಿ, ಯೆಟ್ ಬಂದ ಕಡೆ ಅಮೆರಿಕನ್ನರು ಆಡುಮಾತಿನಲ್ಲಿ ಸಿಂಪಲ್ ಪಾಸ್ಟ್ ಧಾರಾಳವಾಗಿ ಬಳಸುತ್ತಾರೆ: ‘ಐ ಜಸ್ಟ್ ಏಟ್’, ‘ಐ ಆಲ್ರೆಡಿ ಟೋಲ್ಡ್ ಯು’. ಲಂಡನ್ನಿನ ಆಫೀಸಿಗೆ ಬರೆಯುವಾಗ ‘ಐ ಹ್ಯಾವ್ ಆಲ್ರೆಡಿ ಟೋಲ್ಡ್ ಯು’ ವಾಸಿ. ಆದರೆ ‘ಐ ಹ್ಯಾವ್ ಸೆಂಟ್ ಇಟ್ ಯೆಸ್ಟರ್‌ಡೇ’ ಎಂಬುದನ್ನು ನ್ಯೂಯಾರ್ಕೂ ಒಪ್ಪುವುದಿಲ್ಲ, ಲಂಡನ್ನೂ ಒಪ್ಪುವುದಿಲ್ಲ.

11. ಕೈಗಿಂತ ಕಿವಿಗೆ ಹೆಚ್ಚು ಕೆಲಸ ಕೊಡಿ

1985ರಲ್ಲಿ ಮೊದಲು ಬಂದ ರೇಮಂಡ್ ಮರ್ಫಿಯವರ ‘ಇಂಗ್ಲಿಷ್ ಗ್ರಾಮರ್ ಇನ್ ಯೂಸ್’ ಈ ವಿಷಯಕ್ಕೆ ಒಳ್ಳೆಯ ಅಭ್ಯಾಸ ಪುಸ್ತಕ, ಸ್ವಂತ ಕಲಿಯುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಪುಟದ ಮೇಲೆ ದೊಡ್ಡದಾಗಿ ಕಾಣುವ ಹ್ಯಾವ್, ಮಾತಿನಲ್ಲಿ ಬರೀ ಒಂದು ‘ವ್’ ಸದ್ದಾಗಿ ಉಳಿದಿರುತ್ತದೆ. ‘ಐವ್ ಫಿನಿಶ್ಡ್’ ಎಂದವರ ಮಾತು ನಮ್ಮ ಕಿವಿಗೆ ‘ಐ ಫಿನಿಶ್ಡ್’ ಎಂದು ಬೀಳುತ್ತದೆ. ಪುಟ್, ಕಟ್, ಹಿಟ್ ಥರದ ಪದಗಳಲ್ಲಿ ಮೂರೂ ರೂಪ ಒಂದೇ ಆಗಿರುವುದರಿಂದ, ‘ಐ ಪುಟ್’ ಮತ್ತು ‘ಐವ್ ಪುಟ್’ ನಡುವೆ ಇರುವ ಅಂತರವೆಲ್ಲ ಆ ‘ವ್’ ಒಂದರಲ್ಲೇ. ಕಿವಿ ಅದನ್ನು ಹಿಡಿಯದಿದ್ದರೆ ಇಂಗ್ಲಿಷರು ಹ್ಯಾವ್ ಬಳಸುವುದೇ ಇಲ್ಲವೇನೋ ಎನ್ನಿಸಿಬಿಡುತ್ತದೆ, ಬಾಯಿಯೂ ಅದನ್ನು ಕಲಿಯುವುದಿಲ್ಲ.

ಇದಕ್ಕೆ ನಾವು ಮಾಡುವ ಅಭ್ಯಾಸ ಇಬ್ಬರಿದ್ದರೆ ಮನೆಯಲ್ಲೂ ಮಾಡಬಹುದು. ಒಬ್ಬರು ಬೆನ್ನು ತಿರುಗಿಸಿ ನಿಲ್ಲಬೇಕು. ಇನ್ನೊಬ್ಬರು ‘ದೇ ವರ್ಕ್ಡ್ ಹಿಯರ್ ಫಾರ್ ಟೆನ್ ಇಯರ್ಸ್’ ಎಂದಾದರೂ, ‘ದೇವ್ ವರ್ಕ್ಡ್ ಹಿಯರ್ ಫಾರ್ ಟೆನ್ ಇಯರ್ಸ್’ ಎಂದಾದರೂ ಒಂದನ್ನು ಹೇಳಬೇಕು. ಕೇಳಿದವರು ಅದನ್ನು ಅನುವಾದ ಮಾಡಬೇಕಾಗಿಲ್ಲ, ವ್ಯಾಕರಣದ ಹೆಸರೂ ಬೇಡ. ಆ ಜನ ಇನ್ನೂ ಕೆಲಸದಲ್ಲಿದ್ದಾರೆಯೇ, ಬಿಟ್ಟರೇ ಎಂದಷ್ಟೇ ಹೇಳಬೇಕು. ಮೊದಲು ನಿಧಾನವಾಗಿ, ಆಮೇಲೆ ಮಾತಿನ ವೇಗಕ್ಕೆ, ಕೊನೆಗೆ ಫೋನಿನಲ್ಲಿ ಹೇಳಿ ನೋಡಬೇಕು. ಎಲ್ಲಕ್ಕಿಂತ ಕಷ್ಟದ್ದು ಫೋನು.